ಕ್ಯಾಬಿನ್ನಿಗೆ ಕಟ್ಟಿದ ತಂತಿ

ಶ್ರವಣನ ಮೊದಲ ಒದೆ ಪ್ರೇಮನಾಥನ ಪಕ್ಕೆಗೆ ಬಿತ್ತು. ಅರುವತ್ತು ದಾಟಿದ ಪ್ರೇಮನಾಥ ಮೀನುಗಾರಿಕಾ ಬಂದರಿನ ದಕ್ಕೆಯಲ್ಲಿ ನಿಂತಿದ್ದ ಮೀನಿನ ಲಾರಿಯ ಅಡಿಯಲ್ಲಿ ಅಂಗಾತ ಮಲಗಿದ್ದ. ಕೈಯಲ್ಲಿ ಇಕ್ಕಳವಿತ್ತು.

“ಹೊರಗೆ ಬನ್ನಿ ಪ್ರೇಮಣ್ಣ. ಇದು ನನ್ನ ಲಾರಿ.”

“ಈ ತಂತಿ ಕಡಿದು ಬರ್ತೇನೆ.”

“ತಂತಿ ಕಟ್ಟಲಿಕ್ಕೆ ಕಲಿಸಿದ್ದು ಯಾರು ಮಾರಾಯ್ರೆ? ನೀವೇ ಅಲ್ವಾ?”

ಸುತ್ತ ನಿಂತ ಡ್ರೈವರುಗಳು ನಕ್ಕರು. ಮಾತು ಸುಳ್ಳಾಗಿರಲಿಲ್ಲ.

ಮೀನಿನ ಲಾರಿಯಲ್ಲಿ ಮಂಜುಗಡ್ಡೆ ಕರಗಿದ ನೀರು ತಳದ ನಲ್ಲಿಯಿಂದ ಇಳಿಯುತ್ತದೆ. ಅದರಲ್ಲಿ ರಕ್ತವೂ ಬೂತಾಯಿ ಮೀನಿನ ಎಣ್ಣೆಯೂ ಇರುವುದರಿಂದ ಡಾಮರಿನ ಮೇಲೆ ಬಿದ್ದರೆ ಸಾಬೂನು ಬಳಿದಂತಾಗುತ್ತದೆ. ನಗರದೊಳಗೆ ಪೊಲೀಸರು ಹಿಡಿಯುತ್ತಾರೆಂದು ನಗರದಂಚಿನ ಪಂಪ್‌ವೆಲ್ ವೃತ್ತ ದಾಟುವವರೆಗೆ ನಲ್ಲಿ ಮುಚ್ಚಿರುತ್ತದೆ. ಆಮೇಲೆ ಹಳ್ಳಿಗಳ ನಡುವಿನ ಹೆದ್ದಾರಿಯಲ್ಲಿ ಲಾರಿ ನಿಲ್ಲಿಸಿ ತೆರೆಯಬೇಕು. ಆ ಕಷ್ಟ ಬೇಡವೆಂದು ನಲ್ಲಿಯ ಹಿಡಿಗೆ ತಂತಿ ಬಿಗಿದು ಕ್ಯಾಬಿನ್ನಿಗೆ ತಂದವನು ಆಗ ಲಾರಿ ಓಡಿಸುತ್ತಿದ್ದ ಪ್ರೇಮನಾಥ. ಕೂತಲ್ಲಿಂದ ಎಳೆದರೆ ಸಾಕು, ಓಡುತ್ತಲೇ ನೀರೆಲ್ಲ ಖಾಲಿ. ಒಂದೇ ವರ್ಷದಲ್ಲಿ ದಕ್ಕೆಯ ಲಾರಿಗಳಿಗೆಲ್ಲ ತಂತಿ ಬಂತು.

ಎಂಟು ವರ್ಷದ ಹಿಂದೆ ಒಂದು ಬೆಳಿಗ್ಗೆ ಹೆದ್ದಾರಿಯ ತಿರುವಿನಲ್ಲಿ ಅವನು ತಂತಿ ಎಳೆದ. ಹಿಂದಿದ್ದ ಸ್ಕೂಟರ್ ಅಡ್ಡ ಬಿದ್ದದ್ದು ಕನ್ನಡಿಯಲ್ಲಿ ಕಂಡಿತು. ಹುಡುಗಿ ಜಾರಿಕೊಂಡು ಎದುರಿನ ಟಿಪ್ಪರಿನ ಚಕ್ರದಡಿ ಹೋದದ್ದು, ತಲೆ ಒಡೆದದ್ದು, ಎಲ್ಲ ಕಂಡಿತು. ಅವನು ಗೇರು ಬದಲಿಸಿ ಮುಂದೆ ಹೋದ. ಮರುದಿನ ಪತ್ರಿಕೆಯಲ್ಲಿ ಹೆಸರು ಓದಿದ: ಅಕ್ಷಿತಾ, ಇಪ್ಪತ್ತೆರಡು ವರ್ಷ. ಜೈಲಿಗೆ ಹೋದವನು ಟಿಪ್ಪರಿನ ಡ್ರೈವರ್.

ಪ್ರೇಮನಾಥ ಯಾರಿಗೂ ಹೇಳಲಿಲ್ಲ. ಹೆಂಡತಿ ಅಪ್ಪಿಗೂ ಹೇಳಲಿಲ್ಲ. ಲಾರಿ ಬಿಟ್ಟು, ಶಕ್ತಿನಗರದ ಮನೆಯ ಶೆಡ್ಡಿನಲ್ಲಿ ನೀರು ಹಿಡಿಯುವ ಡ್ರಮ್ಮುಗಳನ್ನು ತಯಾರಿಸಿ ಲಾರಿಗಳ ಅಡಿಗೆ ಕಟ್ಟಿಕೊಟ್ಟ. ಡ್ರೈವರುಗಳು ಅವನ್ನು ಬಿಚ್ಚಿ ಮನೆಗೊಯ್ದು ಬಾವಿನೀರು ತುಂಬಿಸಿಟ್ಟರು. ಕಳೆದ ವಾರ ಅದೇ ತಿರುವಿನಲ್ಲಿ ಬೈಕ್ ಜಾರಿ ಒಬ್ಬನ ಕಾಲು ತುಂಡಾಯಿತು. ಆಗ ಅವನು ಇಕ್ಕಳ ಹಿಡಿದ.

“ಮೀನಿನ ನೀರಿಗೆ ಸತ್ತವರು ಯಾರುಂಟು? ಒಂದು ಹೆಸರು ಹೇಳಿ ನೋಡುವ,” ಎಂದ ಶ್ರವಣ. ಪ್ರೇಮನಾಥ ಇಕ್ಕಳವನ್ನು ತಂತಿಗೆ ಸಿಕ್ಕಿಸಿದ. ಹೆದರಿಸಿದರೆ ಬರುತ್ತಾನೆಂದು ಶ್ರವಣ ಮೇಲೆ ಹತ್ತಿ ಲಾರಿ ಚಾಲೂ ಮಾಡಿ ಒಂದು ಗೇಣು ಮುಂದೆ ಬಿಟ್ಟ.

ಚಕ್ರ ಪ್ರೇಮನಾಥನ ಎಡ ಅಂಗೈಯ ಮೇಲೆ ಹತ್ತಿ ಇಳಿಯಿತು. ಎಲುಬು ಮುರಿದ ಸದ್ದು ಅವನಿಗೇ ಕೇಳಿಸಿತು. ಬಲಗೈಯಿಂದ ತಂತಿ ಕಡಿದ ಮೇಲೆಯೇ ಅವನು ಕೂಗಿದ್ದು. ಡ್ರೈವರುಗಳು ಎಳೆದು ಹೊರಗೆ ಹಾಕಿದಾಗ ಶ್ರವಣನ ಮುಖ ನೋಡಿ ಹೇಳಿದ: “ಅಕ್ಷಿತಾ. ಕೊಂದದ್ದು ನಾನು.”

ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಪೊಲೀಸಿನವರು ಶ್ರವಣನ ಮೇಲೆ ದೂರು ಬರೆಯಲು ಬಂದಾಗ ಪ್ರೇಮನಾಥ ತನ್ನ ಮೇಲೆಯೇ ಬರೆಸಿದ, ತಂತಿ ಎಲ್ಲಿ ಅಡಗಿರುತ್ತದೆಂಬುದನ್ನೂ ಬರೆಸಿದ. ಮಂಚದ ಪಕ್ಕದಲ್ಲಿದ್ದ ಅಪ್ಪಿ ಎಲ್ಲವನ್ನೂ ಕೇಳಿದಳು. ಎದ್ದು ಹೊರಗೆ ಹೋದಳು.

ವಾರ ಕಳೆದು, ಜಾಮೀನಿನ ಮೇಲೆ ಹೊರಗಿದ್ದ ಅವನನ್ನು ಪೊಲೀಸರು ಪಂಪ್‌ವೆಲ್‌ನಲ್ಲಿ ನಿಲ್ಲಿಸಿ ಲಾರಿಗಳನ್ನು ತಡೆದರು. ಅವನು ಕಟ್ಟು ಹಾಕಿದ ಕೈಯಿಂದ ತೋರಿಸಿದ. ಅವರು ಮೂವತ್ತೊಂದು ತಂತಿ ಕಡಿದರು. ಆ ಸಂಜೆಯೇ ಶೆಡ್ಡಿಗೆ ಕಲ್ಲು ಬಿತ್ತು. ಒಂದು ಕಲ್ಲು ಮನೆಯ ಕಿಟಕಿ ಒಡೆದು ಅಪ್ಪಿಯ ಹಣೆ ಸೀಳಿತು.

ಅವಳು ಸೆರಗಿನಿಂದ ರಕ್ತ ಒತ್ತಿ ಹಿಡಿದು ಗಾಜು ಗುಡಿಸಿದಳು. ಆಸ್ಪತ್ರೆಯ ದಿನದಿಂದ ಅವನೊಡನೆ ಆಡಿದ ಮೊದಲ ಮಾತು ಇದು:

“ಇನ್ನೆಷ್ಟು ಲಾರಿ ಉಂಟು?”

“ಹನ್ನೊಂದು.”

“ಅದನ್ನು ಮುಗಿಸಿ. ಆಮೇಲೆ ಆ ಹುಡುಗಿಯ ಮನೆಗೆ ಹೋಗಿ. ನಾನು ಬರುವುದಿಲ್ಲ.”