ರೊಟ್ಟಿ ದಾಕ್ಷಾಯಿಣಿ ಆಸ್ಪತ್ರೆಗೆ ಹೊರಟದ್ದು

ದಾನವ್ವನಿಗೆ ಒಂದು ಮಾತು ಮಾತ್ರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೊಟ್ಟೆಯಲ್ಲಿ ನೋವಿಲ್ಲ, ಹುಣ್ಣಿಲ್ಲ, ಗಡ್ಡೆಯಿಲ್ಲ. ದುಡಿದು ತಿನ್ನುವ ಹೆಂಗಸು ತಾನಾಗಿಯೇ ಹೋಗಿ ಚೆನ್ನಾಗಿರುವ ಹೊಟ್ಟೆಯನ್ನು ಕೊಯ್ಯಿಸಿಕೊಳ್ಳುವುದೆಂದರೆ ಏನು? "ಗಟ್ಟಿ ಇದ್ದ ಮನಿ ಕೆಡವಿ ಗೂಡು ಕಟ್ಟಿಸಿದಂಗಾತು ನೋಡ್ರಿ," ಎಂದು ಆಕೆ ಹುಬ್ಬಳ್ಳಿಯ ಬೆಂಗೇರಿ ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದಳು. ಕೇಳಿದವರಿಗೆ ಅದು ಬೈಗುಳದ ಹಾಗೆ ಕೇಳಿಸಿತು. ಒಳಗಿದ್ದದ್ದು ಬರೀ ಹೆದರಿಕೆ. ಸೊಸೆ ದಾಕ್ಷಾಯಿಣಿ ಆಪರೇಷನ್ ಮೇಜಿನ ಮೇಲಿಂದ ಎದ್ದು ಬರದಿದ್ದರೆ ತನ್ನ ಗತಿ ಏನು ಎಂಬ ಹೆದರಿಕೆ.

ದಾಕ್ಷಾಯಿಣಿಯ ವಿಷಯ ಹೇಳಬೇಕೆಂದರೆ ರೊಟ್ಟಿಯಿಂದಲೇ ಶುರು ಮಾಡಬೇಕು. ಆಕೆಯ ಗಂಡ ಶಂಭುಲಿಂಗ ಹತ್ತಿ ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ಅಂಗಡಿ ಮುಚ್ಚಿ ಆತ ತಲೆ ಮೇಲೆ ಕೈ ಹೊತ್ತು ಕೂತಾಗ, ಆಕೆ ಯಾರನ್ನೂ ಕೇಳದೆ ಪಡಸಾಲೆಯಲ್ಲಿ ಎರಡು ಒಲೆ ಹೂಡಿ ಜೋಳದ ರೊಟ್ಟಿ ಬಡಿಯಲು ಕೂತಳು. ಆಕೆಯ ಅಂಗೈ ಬಿದ್ದರೆ ರೊಟ್ಟಿ ಅಂಚಿನ ತನಕ ಒಂದೇ ತೆಳುವಾಗಿ ಹರಡುತ್ತಿತ್ತು. ಒಂದು ಕಡೆ ದಪ್ಪ, ಇನ್ನೊಂದು ಕಡೆ ಸೀಳು ಎಂಬ ಮಾತೇ ಇಲ್ಲ. ಇವತ್ತು ಹುಬ್ಬಳ್ಳಿಯ ಖಾನಾವಳಿಗಳಿಗೆ, ಮದುವೆ ಮನೆಗಳಿಗೆ, ಧಾರವಾಡದಲ್ಲಿ ಪರೀಕ್ಷೆಗೆ ಓದುವ ಹುಡುಗರ ಮೆಸ್ಸುಗಳಿಗೆ ಆಕೆಯ ಖಡಕ್ ರೊಟ್ಟಿ ಹೋಗುತ್ತದೆ. ಕಾಳವ್ವ, ದುರಗವ್ವ ಎಂಬಿಬ್ಬರು ಜೊತೆಗೆ ಬಡಿಯುತ್ತಾರೆ. ಶಂಭುಲಿಂಗ ಸ್ಕೂಟರಿನ ಮೇಲೆ ಮುಟ್ಟಿಸಿ ಬರುತ್ತಾನೆ. ಮಗಳ ಓದು, ಅತ್ತೆಯ ಕಣ್ಣಿನ ಆಪರೇಷನ್ನು, ನಾದಿನಿಯ ಬಾಣಂತನ, ಎಲ್ಲವೂ ಆ ಹಂಚಿನ ಮೇಲೆಯೇ ಬೆಂದು ಬಂದವು.

ಮೈ ಬೆಳೆದದ್ದು ಹೆರಿಗೆಯಾದ ಮೇಲೆ. ಬೆಳೆದದ್ದು ನಿಲ್ಲಲೇ ಇಲ್ಲ. "ರೊಟ್ಟಿ ಮಾರೂದಕ್ಕಿಂತ ತಿನ್ನೂದ ಜಾಸ್ತಿ ಅಂತ ಕಾಣತೈತಿ" ಎಂದು ನಕ್ಕವರು ಓಣಿಯಲ್ಲಿ ಬೇಕಾದಷ್ಟು ಜನ. ಹಾಗೆ ನಕ್ಕವರು ಒಂದು ದಿನವಾದರೂ ಆಕೆ ಉಣ್ಣುವುದನ್ನು ನೋಡಬೇಕಿತ್ತು. ಎಲ್ಲರದೂ ಮುಗಿದ ಮೇಲೆ, ಅಂಚು ಮುರಿದ ರೊಟ್ಟಿಗೆ ಒಂದಿಷ್ಟು ಹಿಂಡಿ, ಅದೇ ಶೇಂಗಾ ಚಟ್ನಿಪುಡಿ, ಸವರಿಕೊಂಡು, ನಿಂತುಕೊಂಡೇ ಮುಗಿಸುತ್ತಿದ್ದಳು. ಬೆಳಿಗ್ಗೆ ವಾಕಿಂಗ್ ಹೋದಳು, ಅನ್ನ ಬಿಟ್ಟಳು, ಸಿಹಿ ಬಿಟ್ಟಳು. ಇಳಿದ ತೂಕ ನೆಂಟರ ಹಾಗೆ ನಾಲ್ಕು ದಿನ ಹೋಗಿ ಮತ್ತೆ ಗಂಟು ಮೂಟೆ ಸಮೇತ ಬರುತ್ತಿತ್ತು. ಊರ ಬಾಯಿಗೆ ಬೀಗ ಹಾಕಿದವರು ಯಾರಿದ್ದಾರೆ? ಆಕೆ ಕೇಳಿಸಿಕೊಂಡಳು, ರೊಟ್ಟಿ ಬಡಿದಳು.

ಆದರೆ ಮೊಣಕಾಲು ಕೇಳಲಿಲ್ಲ. ಮೊದಲು ನೆಲದ ಮೇಲೆ ಕೂಡುವುದು ನಿಂತಿತು. ಒಲೆಯನ್ನು ಕಟ್ಟೆಯ ಮೇಲೇರಿಸಿದಳು. ಆಮೇಲೆ ನಿಲ್ಲುವುದೂ ಕಷ್ಟವಾಯಿತು. ಸಕ್ಕರೆ ಕಾಯಿಲೆ ಬೇರೆ ಗಂಟುಬಿತ್ತು. ಮೊಣಕಾಲಿನ ಡಾಕ್ಟರು ಮುಲಾಜಿಲ್ಲದೆ ಹೇಳಿದರು: ಈ ಭಾರ ಇಳಿಯದೆ ಮೊಣಕಾಲಿಗೆ ಕೈ ಹಚ್ಚುವುದಿಲ್ಲ, ಹೀಗೇ ಬಿಟ್ಟರೆ ಹಾಸಿಗೆ ಹಿಡಿಯುವುದು ಖಂಡಿತ. ಅಳುತ್ತಾ ಬರುವ ಬದಲು ಆಕೆ ಅಲ್ಲಿಂದಲೇ ಇನ್ನೊಬ್ಬ ಡಾಕ್ಟರಮ್ಮನನ್ನು ವಿಚಾರಿಸಿಕೊಂಡು, ತೂಕ ಇಳಿಸುವ ಆಪರೇಷನ್ನಿನ ದಿನ ಗೊತ್ತು ಮಾಡಿಕೊಂಡೇ ಮನೆಗೆ ಬಂದಳು.

"ನಾ ಹಾಸಿಗಿ ಹಿಡದ್ರ ಈ ಮನೀನ ಹಾಸಿಗಿ ಹಿಡಿತೈತ್ರಿ ಅತ್ತಿ," ಎಂದಳು. "ನನ್ನ ಕಾಲಮ್ಯಾಲೆ ನಾ ನಿಲ್ಲಬೇಕು. ಅಷ್ಟ."

ಆಪರೇಷನ್ನಿಗೂ ಒಂದು ಕರಾರಿತ್ತು. ಅದಕ್ಕೆ ಮುಂಚಿನ ಎರಡು ವಾರ ಹಲ್ಲಿಗೆ ಕೆಲಸ ಕೊಡುವಂತಿಲ್ಲ. ನೀರು ಮಜ್ಜಿಗೆ, ಸೋಸಿದ ಬೇಳೆ ಕಟ್ಟು, ಡಬ್ಬಿಯ ಪುಡಿ ಕಲಸಿದ ನೀರು, ಅಷ್ಟೇ. ಕೊಬ್ಬು ತುಂಬಿ ಉಬ್ಬಿದ ಲಿವರು ಹೊಟ್ಟೆಯ ಮೇಲೆ ಮುಸುಕು ಹೊದ್ದಂತೆ ಕೂತಿರುತ್ತದಂತೆ. ಅದು ಕುಗ್ಗದಿದ್ದರೆ ಆಪರೇಷನ್ ಮಾಡುವುದಿಲ್ಲ, ಮನೆಗೆ ಕಳಿಸುತ್ತೇನೆ ಎಂದು ಡಾಕ್ಟರಮ್ಮ ಬೆರಳು ತೋರಿಸಿ ಹೇಳಿದ್ದರು. ಆಮೇಲಿನ ಭೇಟಿಗೆ ಜೊತೆಗೆ ಹೋಗಿದ್ದ ದಾನವ್ವ ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದಳು.

ಹಂಚಿನ ಮುಂದೆ ಹಸಿದುಕೊಂಡು ನಿಲ್ಲುವುದೆಂದರೆ ಮಾತಲ್ಲ. ರೊಟ್ಟಿ ಬೇಯುವ ಮನೆಯ ವಾಸನೆಗೇ ಉಂಡವನಿಗೂ ಮತ್ತೆ ಹಸಿವಾಗುತ್ತದೆ. ದಿನದ ಮೊದಲ ರೊಟ್ಟಿಯನ್ನು ಮುರಿದು ಬಾಯಿಗೆ ಹಾಕಿಕೊಂಡು ಉಪ್ಪು, ಹದ ನೋಡುವುದು ದಾಕ್ಷಾಯಿಣಿಯ ಹಳೆಯ ರೂಢಿ. ಈಗ ಆ ತುಂಡನ್ನು ಕಾಳವ್ವನಿಗೆ ತಿನ್ನಿಸಿ, ಕಾಳವ್ವನ ಮುಖ ನೋಡಿ ಹದ ತಿಳಿದುಕೊಳ್ಳತೊಡಗಿದಳು. ಖಾನಾವಳಿಗೆ ಹೋಗುವ ರೊಟ್ಟಿ ಒಂದು ದಿನವೂ ಕೆಡಲಿಲ್ಲ. ಎಂಥಾ ಗಟ್ಟಿ ಜೀವ ಇದು ಎಂದು ದಾನವ್ವನಿಗೆ ಹೆಮ್ಮೆಯೂ ಆಯಿತು, ಸಿಟ್ಟೂ ಬಂತು.

ಇನ್ನು ಬಂಧು ಬಳಗ. ನಮ್ಮ ಕಡೆ ಆಪರೇಷನ್ನಿಗೆ ಹೊರಟವರನ್ನು ಬರಿಗೈಯಲ್ಲಿ ಕಂಡು ಬರುವುದುಂಟೆ? ಅದೂ ಇನ್ನು ಮೇಲೆ ಹೊಟ್ಟೆ ತುಂಬ ಉಣ್ಣಲಾರಳು ಎಂದು ಗೊತ್ತಾದ ಮೇಲೆ? ಕಮರಿಪೇಟೆಯಿಂದ ದಾನವ್ವನ ಮಗಳು ಶಾಂಭವಿ ಹೋಳಿಗೆಯ ಡಬ್ಬಿ ಹಿಡಿದು ಬಂದಳು. "ವೈನಿ, ನನ್ನ ಆಣಿ ಐತಿ, ಒಂದ ತುಣುಕು ಬಾಯಾಗ ಹಾಕೋರಿ," ಎಂದು ತುಪ್ಪ ಸೋರುವ ತುಂಡನ್ನು ತುಟಿಯ ತನಕ ತಂದಳು. ಬೇಡ ಎಂದರೆ ಹೆಣ್ಣುಮಗಳ ಮನಸ್ಸು ಮುರಿದಂತೆ, ತಿಂದರೆ ಡಾಕ್ಟರ ಕರಾರು ಮುರಿದಂತೆ. ದಾಕ್ಷಾಯಿಣಿ ಅರೆಗಳಿಗೆ ಯೋಚಿಸಿ ಸೆರಗು ಒಡ್ಡಿದಳು.

"ಶಾಂಭವಿ, ದವಾಖಾನಿಗೆ ಹೊಂಟಾಕಿ ಉಡಿ ತುಂಬಬೇಕಲ್ಲಾ? ಡಬ್ಬಿ ಉಡ್ಯಾಗ ಹಾಕವ್ವಾ."

ಉಡಿಗೆ ಬಿದ್ದದ್ದನ್ನು ಬೇಡ ಎಂದಂತೆ ಆಗುವುದಿಲ್ಲ, ಅಲ್ಲೇ ತಿನ್ನಬೇಕೆಂಬ ಕಾಯಿದೆಯೂ ಇಲ್ಲ. ಶಾಂಭವಿ ಕಣ್ಣೀರು ಒರೆಸಿಕೊಂಡು ಅಕ್ಕಿ ಕೊಬ್ಬರಿಯ ಬದಲು ಹೋಳಿಗೆಯಿಂದ ಉಡಿ ತುಂಬಿ, ಸಂತೋಷವಾಗಿ ಹೋದಳು. ಮುಂದೆ ಕರ್ಚಿಕಾಯಿ, ಮಾದಲಿ, ಗಿರಮಿಟ್ಟು, ಯಾರು ಏನು ತಂದರೂ ದಾಕ್ಷಾಯಿಣಿಯದು ಒಂದೇ ಸೆರಗು. ಸಂಜೆಗೆ ಅದೆಲ್ಲ ಕಾಳವ್ವ ದುರಗವ್ವರ ಮನೆಯ ಮಕ್ಕಳ ಪಾಲಾಗುತ್ತಿತ್ತು. ಒಬ್ಬರ ಮನಸ್ಸೂ ನೋಯಲಿಲ್ಲ, ಒಂದು ಅಗಳೂ ಆಕೆಯ ಬಾಯಿಗೆ ಹೋಗಲಿಲ್ಲ.

ಆದರೆ ಮನೆಯೊಳಗಿನ ಹಗೆ ಬೇರೆಯೇ ಇತ್ತು. ಒಂದು ಮಧ್ಯಾಹ್ನ ಸೊಸೆ ಒಲೆಕಟ್ಟೆಗೆ ಒರಗಿ, ಹೊಟ್ಟೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ನಿಂತದ್ದನ್ನು ದಾನವ್ವ ನೋಡಿದಳು. ತಾನು ಬಾಳ್ವೆ ಮಾಡಿದ ಮನೆಯಲ್ಲಿ ಭಿಕ್ಷೆಗೆ ಬಂದವರೂ ಹಸಿದು ಹೋಗಿಲ್ಲ. ಅಂಥಾ ಮನೆಯ ಸೊಸೆ ಹಸಿದು ನಿಂತಿದ್ದಾಳೆ! ಮರುದಿನದಿಂದ ಮಧ್ಯಾಹ್ನದ ಮಜ್ಜಿಗೆಯನ್ನು ದಾನವ್ವ ತಾನೇ ಮಾಡಿಕೊಡುತ್ತೇನೆಂದು ಮುಂದೆ ಬಂದಳು. ಜೋಳದ ಹಿಟ್ಟನ್ನು ಸಣ್ಣ ಉರಿಯಲ್ಲಿ ಕುದಿಸಿ, ಗಂಟಿಲ್ಲದಂತೆ ಕದಡಿ, ಮಜ್ಜಿಗೆಯಲ್ಲಿ ಬೆರೆಸಿ, ಜೀರಿಗೆ ಕರಿಬೇವಿನ ವಾಸನೆಯಲ್ಲಿ ಮರೆಮಾಡಿ ಲೋಟ ತುಂಬಿ ಕೊಟ್ಟಳು. ಲಿವರು ಇಳಿಯದಿದ್ದರೆ? ಇಳಿಯದಿರಲಿ, ಆಪರೇಷನ್ ನಿಂತರೆ ನಿಲ್ಲಲಿ, ಸೊಸೆ ಮನೆಯಲ್ಲಿ ಜೀವಂತ ಇದ್ದರೆ ಸಾಕು ಎಂದು ಒಳಗೊಳಗೇ ಅಂದುಕೊಂಡಳು. ದಾಕ್ಷಾಯಿಣಿ ಮೊದಲ ದಿನ ಲೋಟ ತುಟಿಗಿಟ್ಟು, ನಾಲಗೆಗೆ ಒಂದು ಹನಿ ಮುಟ್ಟಿಸಿ, ಲೋಟದೊಳಕ್ಕೆ ನೋಡಿದಳು. ಆಮೇಲೆ "ಛಲೋ ಆಗೇತ್ರಿ ಅತ್ತಿ," ಎಂದು ಲೋಟ ಹಿಡಿದುಕೊಂಡು ಒಲೆಯ ಕಡೆ ಹೋದಳು. ದಾನವ್ವನಿಗೆ ಗೆದ್ದಷ್ಟು ಖುಷಿಯಾಯಿತು.

ಭರ್ತಿಯಾಗುವ ಹಿಂದಿನ ದಿನ ತೂಕ ನೋಡಿ ಸ್ಕ್ಯಾನ್ ಮಾಡಲು ಕರೆದಿದ್ದರು. ದಾನವ್ವ ಶಾಲೆಗೆ ಹೊರಟ ಹುಡುಗಿಯ ಹಾಗೆ ಲಗುಬಗೆಯಿಂದ ತಯಾರಾಗಿ ಜೊತೆಗೆ ಹೋದಳು. ಇವತ್ತು ಡಾಕ್ಟರಮ್ಮ ಆಗುವುದಿಲ್ಲ ಎನ್ನುತ್ತಾರೆ, ಮನೆಗೆ ಹೋಗಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಉಣ್ಣಿಸುವುದೇ ಎಂದು ಲೆಕ್ಕ ಹಾಕಿಕೊಂಡಿದ್ದಳು. ಡಾಕ್ಟರಮ್ಮ ಸ್ಕ್ಯಾನಿನ ಚಿತ್ರ ನೋಡಿ ಹುಬ್ಬೇರಿಸಿದರು.

"ಲಿವರ್ ಭಾಳ ಛಲೋ ಇಳದೈತಿ. ತೂಕ ಮಾತ್ರ ನಾ ಹೇಳಿದ್ದಕ್ಕಿಂತ ಜಾಸ್ತಿ ಇಳದೈತ್ರಿ. ಒಂದ ಹೊತ್ತಿಂದು ಬಿಟ್ಟ ಬಿಟ್ಟೀರೇನು? ಸಕ್ಕರಿ ಇದ್ದವ್ರು ಹಂಗ ಹೊತ್ತು ಬಿಡಬಾರದು."

"ಹಸಿವೀ ಆಗಲಿಲ್ರಿ," ಎಂದು ದಾಕ್ಷಾಯಿಣಿ ನಕ್ಕುಬಿಟ್ಟಳು.

ಅದು ಶುದ್ಧ ಸುಳ್ಳೆಂದು ದಾನವ್ವನಿಗೆ ಗೊತ್ತಿತ್ತು. ಆದರೆ ಅಷ್ಟು ದಿನ ಸುರಿದ ಹಿಟ್ಟು ಎಲ್ಲಿ ಹೋಯಿತು ಎಂಬುದು ಮಾತ್ರ ಗೊತ್ತಾಗಲಿಲ್ಲ. ಆಟೋದಲ್ಲಿ ಬರುವಾಗ ಅದೇ ಯೋಚನೆ. ಆಟೋದ ಖಾದರಬಾಷಾ ಎಂದಿನಂತೆ ಸೀಟಿನಲ್ಲಿ ಮೂರನೆಯವರನ್ನು ಹತ್ತಿಸಿಕೊಳ್ಳಲಿಲ್ಲ. ದಾಕ್ಷಾಯಿಣಿ ಕೂತರೆ ಆತ ಬೇರೆ ಸವಾರಿ ಕೂಗುತ್ತಿರಲಿಲ್ಲ, ಯಾಕೆಂದು ಯಾವತ್ತೂ ಬಾಯಿ ಬಿಟ್ಟು ಹೇಳಿದವನೂ ಅಲ್ಲ. ಅಂಥವರೂ ಊರಲ್ಲಿ ಇದ್ದಾರೆ.

ಸಂಜೆ ಬ್ಯಾಗು ತುಂಬುವ ಗದ್ದಲ. ದಾನವ್ವ ಹೊದೆಯಲು ಕೌದಿ ತುರುಕಿದಳು, ತಾಮ್ರದ ತಂಬಿಗೆ ತುರುಕಿದಳು, ಶೇಂಗಾ ಹಿಂಡಿಯ ಡಬ್ಬಿಯನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟಳು. ದಾಕ್ಷಾಯಿಣಿ ಒಂದೊಂದನ್ನೇ ನಗುತ್ತಾ ಹೊರಗೆ ತೆಗೆದಳು. ಮುಂದೆ ಗುಂಡಿ ಇರುವ ಸಡಿಲ ನೈಟಿಗಳು, ಬಗ್ಗದೆ ಮೆಟ್ಟಿಕೊಳ್ಳುವ ಚಪ್ಪಲಿ, ಹಳೆಯ ರಿಪೋರ್ಟುಗಳು, ಸಕ್ಕರೆ ಮಾತ್ರೆ, ಕೆಮ್ಮು ಬಂದಾಗ ಹೊಟ್ಟೆಗೆ ಒತ್ತಿ ಹಿಡಿಯಲು ಒಂದು ಸಣ್ಣ ದಿಂಬು ಒಳಗೆ ಹೋದವು. ಕೊನೆಗೆ ಒಂದು ಪುಟ್ಟ ಅಳತೆಯ ಬಟ್ಟಲು.

"ಇದೇನ, ಕುಂಕುಮದ ಬಟ್ಟಲಾ?" ಎಂದಳು ದಾನವ್ವ.

"ಇಷ್ಟ ನೋಡ್ರಿ ಇನ್ನ ನನ್ನ ಊಟ. ಒಂದೊಂದ ಗುಟುಕು," ಎಂದು ದಾಕ್ಷಾಯಿಣಿ ಅದನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತಿ ಇಟ್ಟು, ಸ್ನಾನಕ್ಕೆ ಎದ್ದು ಹೋದಳು.

ಒಲೆ ಸಾರಿಸಿ ಮನೆಗೆ ಹೊರಟಿದ್ದ ಕಾಳವ್ವ ಬಾಗಿಲಲ್ಲಿ ನಿಂತು ಹಲ್ಲು ಕಿರಿದಳು. "ಅವ್ವಾರ, ಅಕ್ಕಾರು ಬರೂತನಾ ಇನ್ನ ನಮಗ ಅಂಬಲಿ ಇಲ್ಲೇನ್ರಿ?"

"ಯಾವ ಅಂಬಲಿ?"

"ಮಧ್ಯಾಹ್ನ ನೀವು ಮಾಡತಿದ್ದಿರಲ್ರಿ? ಅಕ್ಕಾರು ದಿನಾ ನನಗ, ದುರಗವ್ವಗ ಹಂಚಿ ಕೊಡತಿದ್ರು. 'ಅತ್ತಿ ಭಾಳ ಪ್ರೀತೀಲಿ ಮಾಡ್ಯಾರ, ಚೆಲ್ಲಬಾರದು' ಅಂತಿದ್ರು. ತಾವು ಬರೇ ನೀರು ಕುಡದು ರೊಟ್ಟಿ ಬಡಿತಿದ್ರು ನೋಡ್ರಿ."

ಕಾಳವ್ವ ಹೋದಳು. ದಾನವ್ವ ಬ್ಯಾಗಿನ ಪಕ್ಕದಲ್ಲೇ ಕೂತಳು. ಡಾಕ್ಟರು ಕೊಟ್ಟ ಹಸಿವು ಒಂದು ಪಾಲಾದರೆ, ತಾನು ಅದರ ಮೇಲೆ ಇನ್ನೊಂದು ಪಾಲು ಹೇರಿದ್ದಳು. ಬೇರೆ ಮಜ್ಜಿಗೆ ಮಾಡಿಕೊಂಡು ಕುಡಿದರೆ ಅತ್ತೆಗೆ ಗೊತ್ತಾಗುತ್ತದೆ, ಗೊತ್ತಾದರೆ ನಾಚಿಕೊಳ್ಳುತ್ತಾಳೆ ಎಂದು ಆ ಹುಡುಗಿ ಕುಡಿಯುವ ಒಂದು ಲೋಟವನ್ನೂ ಬಿಟ್ಟಿದ್ದಳು. ದಾನವ್ವ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಸ್ನಾನ ಮುಗಿಸಿ ಬಂದ ಸೊಸೆ ಕೇಳಿದರೆ ಕಣ್ಣಿಗೆ ಒಲೆಯ ಹೊಗೆ ಎಂದಳು. ಆ ಹೊತ್ತಿಗೆ ಒಲೆ ಆರಿತ್ತು.

ಮರುದಿನ ಆಸ್ಪತ್ರೆಯ ಕೋಣೆಯಲ್ಲೂ ದಾನವ್ವನ ಬಾಯಿಂದ ಹಿಟ್ಟು ಬೆರೆಸಿದ ಮಾತು ಹೊರಡಲಿಲ್ಲ. ಅದರ ಮರುದಿನ ಮುಂಜಾನೆ ಆಪರೇಷನ್ನಿಗೆ ಕರೆದೊಯ್ಯಲು ನರ್ಸ್ ಬಂದು ಹಸಿರು ಅಂಗಿ ಕೊಟ್ಟು, "ಮೈಮ್ಯಾಲಿಂದು ಎಲ್ಲಾ ತಗೀಬೇಕ್ರಿ," ಎಂದಳು. ದಾಕ್ಷಾಯಿಣಿ ತಾಳಿ, ಮೂಗುಬೊಟ್ಟು ಬಿಚ್ಚಿ ಶಂಭುಲಿಂಗನ ಕೈಗಿಟ್ಟಳು. ಆಮೇಲೆ ಕೊರಳಿನ ಶಿವದಾರಕ್ಕೆ ಕೈ ಹಾಕಿದಳು. ದೀಕ್ಷೆಯಾದ ದಿನದಿಂದ ಮೈ ಬಿಟ್ಟು ಇಳಿಯದ ಇಷ್ಟಲಿಂಗ ಅದು. ಪ್ರಾಣ ಬೇರೆ ಅಲ್ಲ, ಅದು ಬೇರೆ ಅಲ್ಲ. ಶಂಭುಲಿಂಗ ತಾನಾಗಿಯೇ ಎರಡೂ ಅಂಗೈ ಚಾಚಿದ.

"ನಿಮಗಲ್ರಿ," ಎಂದಳು ದಾಕ್ಷಾಯಿಣಿ. "ಅತ್ತಿ, ಇಲ್ಲಿ ಬರ್ರಿ. ನೆಲಕ್ಕ ಇಡಬ್ಯಾಡ್ರಿ. ನಾ ಬರೂತನಾ ನಿಮ್ಮ ಕೈಯಾಗ ಇರ್ಲಿ."

ದಾನವ್ವ ಹಿಂದೆ ಸರಿದಳು. ಗೋಡೆ ಬೆನ್ನಿಗೆ ತಾಗಿತು. ಇಷ್ಟು ಹೊತ್ತು ಕಟ್ಟಿಕೊಂಡಿದ್ದೆಲ್ಲ ಒಮ್ಮೆಗೇ ಒಡೆಯಿತು.

"ಬ್ಯಾಡವ್ವಾ. ನಾ ನಿನ್ನ ಮಜ್ಜಿಗ್ಯಾಗ ಹಿಟ್ಟು ಹಾಕೇನಿ. ಆಪರೇಷನ್ ನಿಲ್ಲಲಿ ಅಂತ ಹಾಕೇನಿ. ಇಂಥಾಕಿ ಕೈಯಾಗ ಇದನ್ನ ಕೊಡತೀಯೇನ?"

ದಾಕ್ಷಾಯಿಣಿ ಹಾಸಿಗೆಯಿಂದ ನಿಧಾನಕ್ಕೆ ಕಾಲು ಇಳಿಬಿಟ್ಟು, ನೋಯುವ ಮೊಣಕಾಲಿನ ಮೇಲೆ ಎದ್ದು ನಿಂತಳು. ಎರಡು ಹೆಜ್ಜೆ ನಡೆದು ಬಂದು, ಅತ್ತೆಯ ಕೈ ಎರಡನ್ನೂ ಜೋಡಿಸಿ, ಅದರೊಳಗೆ ಲಿಂಗವನ್ನಿಟ್ಟು ಬೆರಳು ಮಡಿಸಿದಳು.

"ನಾ ಹಸದಿರೂದು ನೋಡಾಕ ಆಗದ ಕೈ ಇದೊಂದ ರೀ," ಎಂದಳು. "ಬ್ಯಾರೆ ಯಾರ ಕೈಯಾಗ ಕೊಟ್ಟು ಹೋಗಲಿ?"