ದುರಗಪ್ಪ ನಮ್ಮ ಜೊತೆ ಹೊಳೆ ದಾಟಿದ ಪಂಚಮಿ

ಅದು 1956ರ ಪಂಚಮಿ. ನನ್ನ ಹಿರಿಯ ಮಗಳು ಇನ್ನೂ ಎದೆಹಾಲು ಕುಡಿಯುವ ಕೂಸು. ಹಾಗಾಗಿ ಇಸವಿ ಮರೆತಿಲ್ಲ.

ನನ್ನನ್ನು ಕೊಟ್ಟದ್ದು ನರಗುಂದ ತಾಲ್ಲೂಕಿನಲ್ಲಿ, ಕೊಣ್ಣೂರಿನಿಂದ ಕೆಳಗೆ ಮಲಪ್ರಭೆಯ ದಂಡೆಯ ಮೇಲಿರುವ ಒಂದು ಹಳ್ಳಿಗೆ. ತವರು ಹೊಳೆಯ ಆಚೆ. ಬೇಸಿಗೆಯಲ್ಲಿ ನೆರಿಗೆ ಸ್ವಲ್ಪ ಎತ್ತಿ ಹಿಡಿದರೆ ನಡೆದೇ ದಾಟಬಹುದಿತ್ತು. ಆದರೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ಪಂಚಮಿಗೆ, ಪಂಚಮಿ ಬರುವುದು ಶ್ರಾವಣದಲ್ಲಿ. ಆಗಿನ್ನೂ ಮೇಲೆ ಅಣೆಕಟ್ಟು ಆಗಿರಲಿಲ್ಲ. ನಮ್ಮಲ್ಲಿ ಒಂದು ಹನಿ ಬೀಳದಿದ್ದರೂ ಮೇಲಿನ ಮಳೆಗೆ ಹೊಳೆ ದಂಡೆ ತುಂಬಿ ಬರುತ್ತಿತ್ತು. ಕೊಣ್ಣೂರಿಗೆ ಸುತ್ತಿ ಗಾಡಿಯಲ್ಲಿ ಹೋಗೋಣವೆಂದರೆ ಅಲ್ಲಿಯೂ ದಾರಿಯ ಮೇಲೆ ನೀರು. ಹೋಗುವುದಾದರೆ ಹರಿಗೋಲಿನಲ್ಲೇ ಹೋಗಬೇಕು.

ನಮ್ಮ ಮನೆಗೆ ಹರಿಗೋಲು ಅಂದರೆ ಅಂಬಿಗರ ದುರಗಪ್ಪ. ಅವನ ಅಜ್ಜ ನಮ್ಮ ಮಾವನವರ ಅಜ್ಜನನ್ನು ದಾಟಿಸಿದ್ದನಂತೆ. ಸುಗ್ಗಿಯಲ್ಲಿ ಕಣದಿಂದ ಅವನ ಪಾಲಿನ ಜೋಳ ತಪ್ಪದೆ ಹೋಗುತ್ತಿತ್ತು. ನಮ್ಮ ಅತ್ತೆ ಮದುಮಗಳಾಗಿ ಈ ಊರಿಗೆ ಬಂದದ್ದು ಅವನ ಹರಿಗೋಲಿನಲ್ಲಿ, ನಾನು ಬಂದದ್ದೂ ಅದರಲ್ಲೇ. ಎರಡು ವರ್ಷದ ಹಿಂದೆ ಫಕೀರಪ್ಪ ಎನ್ನುವ ಇನ್ನೊಬ್ಬ ಅಂಬಿಗ ದೊಡ್ಡ ಹಲಗೆಯ ದೋಣಿ ಮಾಡಿಸಿ ಅದೇ ದಂಡೆಗೆ ತಂದು ನಿಲ್ಲಿಸಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಊರಿನ ಅರ್ಧ ಮಂದಿ ಆ ದೋಣಿಗೆ ಹೋದರೂ ನಮ್ಮ ಮನೆಯವರು ಮಾತ್ರ ದುರಗಪ್ಪನನ್ನು ಬಿಟ್ಟಿರಲಿಲ್ಲ.

ಹಿಂದಿನ ವರ್ಷದ ಪಂಚಮಿಗೆ ನನ್ನ ಅಣ್ಣ ಕರೆಯಲು ಬಂದಿದ್ದ. ನಾನು ಆಗಷ್ಟೇ ಬಸುರಿ. ನಡುಹೊಳೆಯಲ್ಲಿ ಒಂದು ಜಾಲಿಯ ಮರ ಬೇರು ಸಮೇತ ತೇಲಿ ಬಂತು. ದುರಗಪ್ಪ ಬಿದಿರಿನ ಗಳ ಚುಚ್ಚಿ ಅದನ್ನು ದೂರ ತಳ್ಳಲು ಹೋದ. ಗಳ ಕೈಜಾರಿ ನೀರಿಗೆ ಬಿತ್ತು. ಹರಿಗೋಲು ಗಿರಗಿರನೆ ಸುತ್ತತೊಡಗಿತು. ಎದುರಿಗೆ ಒಮ್ಮೆ ನಮ್ಮೂರಿನ ದಂಡೆ, ಒಮ್ಮೆ ತವರಿನ ದಂಡೆ. ನೀರು ಒಳಗೆ ನುಗ್ಗಿ ಮೊಣಕಾಲಿಗೆ ಬಂತು. ಅಣ್ಣ ತಂಬಿಗೆಯಿಂದ ಮೊಗೆದು ಚೆಲ್ಲುತ್ತಿದ್ದ. ದುರಗಪ್ಪ ಸಣ್ಣ ಹುಟ್ಟೊಂದರಿಂದಲೇ ಹೊಡೆದೂ ಹೊಡೆದೂ ಹೇಗೋ ಬಹಳ ಕೆಳಗೆ ಆಚೆ ದಂಡೆಗೆ ಹತ್ತಿಸಿದ. ನಾನು ತಂದಿದ್ದ ಉಂಡಿಯ ಗಂಟು ಹೊಳೆಪಾಲಾಗಿತ್ತು.

"ಹೊಳಿಯವ್ವಗೂ ಪಂಚಮಿ ಉಂಡಿ ಬೇಕಾಗಿತ್ತ ತಂಗೆವ್ವಾ" ಎಂದು ದುರಗಪ್ಪ ನಕ್ಕ. ಆದರೆ ಮರಳಿನ ಮೇಲೆ ಕುಳಿತವನಿಗೆ ಬಹಳ ಹೊತ್ತು ಏಳಲಾಗಲಿಲ್ಲ.

ಆಮೇಲೆ ನನಗೆ ನೀರು ಅಂದರೆ ಆಗದಾಯಿತು. ಬಾವಿಯಿಂದ ಸೇದಿದ ಕೊಡದಲ್ಲಿ ನೀರು ತಿರುಗಿದರೂ ಕೈ ತಣ್ಣಗಾಗುತ್ತಿತ್ತು. ಬಾಣಂತನಕ್ಕೆ ಹೋಗಿ ಬಂದದ್ದು ಬೇಸಿಗೆ, ಹೊಳೆ ಒಣಗಿತ್ತು, ನಡೆದೇ ದಾಟಿದ್ದೆ. ಯಾರಿಗೂ ಏನೂ ತಿಳಿಯಲಿಲ್ಲ, ನಾನೂ ಹೇಳಲಿಲ್ಲ.

ಮತ್ತೆ ಶ್ರಾವಣ ಬಂತು. ಅಣ್ಣ ದುರಗಪ್ಪನ ಹರಿಗೋಲಿನಲ್ಲೇ ಈಚೆ ಬಂದು ಕಟ್ಟೆಯ ಮೇಲೆ ಕುಳಿತ.

"ಲಗೂ ತಯಾರಾಗು ಶಾಂತಾ. ಅವ್ವ ಜೋಕಾಲಿ ಹಾಕಿಸ್ಯಾಳ. ಕೂಸಿನ ದಾರಿ ನೋಡಾಕತ್ತಾಳ" ಎಂದ.

"ನಾ ಈ ವರ್ಷ ಬರೂದಿಲ್ಲಣ್ಣಾ."

"ಯಾಕ? ಮನ್ಯಾಗ ಏನರ ಅಂದ್ರೇನು?" ಅವನು ದನಿ ತಗ್ಗಿಸಿ ಕೇಳಿದ.

"ಇಲ್ಲ. ಕೂಸಿಗೆ ನೆಗಡಿ ಆಗೇತಿ" ಎಂದೆ. ಕೂಸು ಅವನ ತೊಡೆಯ ಮೇಲೆ ಕೈಕಾಲು ಬಡಿಯುತ್ತ ಕಿಲಕಿಲ ನಗುತ್ತಿತ್ತು.

ಅಡುಗೆಮನೆಯಲ್ಲಿ ಶೇಂಗಾ ಉಂಡಿ ಕಟ್ಟುತ್ತಿದ್ದ ಅತ್ತೆ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಅತ್ತೆಯ ಹೆಸರು ಗಂಗವ್ವ. ಮಾತು ಕಡಿಮೆ, ಕಂಡರೆ ನನಗೆ ಅಂಜಿಕೆ. ಮದುವೆಯಾಗಿ ಬಂದು ಎರಡು ವರ್ಷವಾಗುತ್ತ ಬಂದರೂ ಅವರು ನನ್ನ ಮುಖ ನೋಡಿ ನಕ್ಕದ್ದು ನೆನಪಿಲ್ಲ. ಬೆಲ್ಲದ ಕೈ ಒರೆಸಿಕೊಳ್ಳುತ್ತ ಬಂದು ನನ್ನನ್ನು ಒಳಗೆ ಕರೆದರು.

"ಹೊಳೀಗೆ ಹೆದರೀದಿ ಹೌದಲ್ಲ?"

ಹೌದೆಂದು ತಲೆಯಾಡಿಸಿದೆ. ಕಣ್ಣೀರು ಬಂತು.

"ಹೋದ ವರ್ಷದಿಂದ ನೋಡಾಕತ್ತೀನಿ. ಬಾವಿ ಕಟ್ಟಿ ಮ್ಯಾಲ ನಿಂತಾಗ ನಿನ್ನ ಮಾರಿ ನೋಡೀನಿ" ಎಂದರು. ಆಮೇಲೆ, "ಫಕೀರಪ್ಪನ ದೋಣ್ಯಾಗ ಹೋಗ್ತಿಯೇನು? ಅದು ಅಗಲ ಐತಿ, ಇಬ್ಬರು ಹುಟ್ಟು ಹಾಕ್ತಾರ" ಎಂದು ಕೇಳಿದರು.

ಪಡಸಾಲೆಯಲ್ಲಿದ್ದ ಮಾವನವರಿಗೆ ಇದು ಕೇಳಿಸಿತು. "ಏನ ಮಾತಾಡ್ತಿ? ದುರಗಪ್ಪಗ ಏನಂತ ಹೇಳೂದು? ನಾವ ಬಿಟ್ರ ಅವನ ಹರಿಗೋಲು ಯಾರ ಹತ್ತತಾರ?" ಎಂದು ಗದರಿದರು.

"ಅದೂ ಖರೇ ಐತ್ರಿ" ಎಂದರು ಅತ್ತೆ. "ಆದ್ರ ಅಂಜಿಕೊಂಡು ತವರು ಬಿಡೂದು ಆಗೂದಿಲ್ಲ. ಅವ್ವ ಇರೂತನಕ ಹೋಗಬೇಕು. ಆಮ್ಯಾಲ ಹೋದ್ರ ಅದು ಬರೇ ಊರು. ದುರಗಪ್ಪಗ ನಾನ ಹೇಳತೀನಿ. ಹಿಂದಿನಿಂದ ಕದ್ದು ಹೋಗೂದು ಬ್ಯಾಡ, ಅವನ ಎದುರಿಗೇ ಹೇಳಿ ಹೋಗೂಣು."

ಅತ್ತೆಯ ಅವ್ವ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಅವರು ಪಂಚಮಿಗೆ ಎಲ್ಲಿಗೂ ಹೋಗುತ್ತಿರಲಿಲ್ಲ. ಅಂದು ತಲೆಯ ಮೇಲೆ ಸೆರಗು ಎಳೆದುಕೊಂಡು, ಉಂಡಿಯ ಬುಟ್ಟಿ ಹಿಡಿದು, ನಮಗಿಂತ ಮುಂದೆ ಹೊಳೆಯ ಕಡೆ ನಡೆದರು.

ದುರಗಪ್ಪ ದಂಡೆಯ ಮೇಲೆ ಹರಿಗೋಲಿನ ಪಕ್ಕ ಕುಳಿತಿದ್ದ. ನಮ್ಮನ್ನು ನೋಡಿ ಎದ್ದು, ಅದನ್ನು ನೀರಿಗೆ ತಳ್ಳಲು ಅಣಿಯಾದ.

"ನಿಲ್ಲು ದುರಗಪ್ಪಾ" ಎಂದರು ಅತ್ತೆ. "ಈ ಸಲ ಸೊಸೀನ್ನ ಆ ದೋಣ್ಯಾಗ ಕಳಸ್ತೀನಿ. ನಿನಗ ಹೇಳಿ ಹೋಗಬೇಕಂತ ಬಂದೀನಿ."

ಅವನ ಕೈ ಹರಿಗೋಲಿನ ಅಂಚಿನ ಮೇಲೆಯೇ ಇತ್ತು. "ನನ್ನಿಂದ ಏನ ತಪ್ಪಾತ್ರಿ ಅವ್ವಾರ?"

"ತಪ್ಪಲ್ಲ. ಹುಡಿಗಿ ಹೆದರ್ಯಾಳ. ಹೋದ ವರ್ಷ ಹಂಗಾತಲ್ಲ, ಅವತ್ತಿನಿಂದ."

ಅವನು ನನ್ನ ಕಡೆ ನೋಡಿದ. ನಾನು ತಲೆ ತಗ್ಗಿಸಿದೆ. ಅಣ್ಣ ಕೆಮ್ಮಿ ಆಚೆ ತಿರುಗಿದ. ಇವನು ಈಗ ಬೈಯುತ್ತಾನೆ, ಇಲ್ಲವೇ ಅಳುತ್ತಾನೆ ಎಂದು ನಾನು ಎದೆ ಹಿಡಿದುಕೊಂಡು ನಿಂತಿದ್ದೆ.

"ನನಗೂ ಅಂಜಿಕಿ ಬಂದೈತ್ರಿ ಅವ್ವಾರ" ಎಂದ ದುರಗಪ್ಪ.

ಅತ್ತೆ ಉಂಡಿಯ ಬುಟ್ಟಿಯನ್ನು ಮರಳಿನ ಮೇಲೆ ಇಳಿಸಿದರು.

"ಆ ಮರಾ ಬಂದ ದಿನದಿಂದ ಹಿಂಗ ಆಗೇತಿ. ಹೊಳೀಗೆ ಇಳಿಯೂ ಮುಂದ ಕೈ ನಡಗತಾವ. ಗಂಡಸರನ್ನ ಹ್ಯಾಂಗೋ ದಾಟಸ್ತೀನಿ. ನಿಮ್ಮ ಸೊಸಿ ಹಸಗೂಸು ಕರಕೊಂಡು ಬರ್ತಾಳಂತ ಮುಂಜಾನಿಯಿಂದ ಕೂಳು ಸೇರಿಲ್ಲ. ಅಂಬಿಗರಾವ ಆಗಿ ಹೊಳೀಗೆ ಹೆದರೀನಂತ ಯಾರ ಮುಂದ ಹೇಳ್ಲಿ?" ಎಂದು ಎರಡೂ ಕೈ ಚಾಚಿ ತೋರಿಸಿದ. ಬೆರಳು ಖರೇ ನಡುಗುತ್ತಿದ್ದವು.

ನಾನು ಒಂದು ವರ್ಷದಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನೇ ಆ ಹಿರಿಯ ಮನುಷ್ಯನೂ ಇಟ್ಟುಕೊಂಡು ಕುಳಿತಿದ್ದ. ನನಗೆ ಅವನ ಮೇಲೆ ಎಂಥ ಮರುಕ ಬಂತೆಂದರೆ ಒಂದು ಕ್ಷಣ ನನ್ನ ಅಂಜಿಕೆಯೇ ಮರೆತುಹೋಯಿತು.

ಆಮೇಲೆ ಅವನು ಮಾಡಿದ್ದನ್ನು ನಾವು ಯಾರೂ ಎಣಿಸಿರಲಿಲ್ಲ. ಎರಡು ವರ್ಷ ಮಾತು ಬಿಟ್ಟಿದ್ದ ಫಕೀರಪ್ಪನ ದೋಣಿಯ ಹತ್ತಿರ ತಾನೇ ನಡೆದು ಹೋದ.

"ಫಕೀರಾ, ನಮ್ಮ ಮನೀ ಮಗಳು ತವರಿಗೆ ಹೊಂಟಾಳ. ಕೂಸೈತಿ. ಸಾವಕಾಶ ಒಯ್ಯಿ" ಎಂದ.

ಫಕೀರಪ್ಪ ಗಾಬರಿಯಿಂದ ಎದ್ದು ನಿಂತ. ತಲೆಯ ವಸ್ತ್ರ ತೆಗೆದು ಮತ್ತೆ ಸುತ್ತಿಕೊಂಡ. "ನೀವೂ ಬರ್ರಿ ಕಾಕಾ. ನೀವು ಜೋಡಿ ಇದ್ರ ತಂಗಿಗೆ ಧೈರ್ಯ. ನನಗೂ ಧೈರ್ಯ" ಎಂದ.

"ನಾ ಬಂದು ಏನ ಮಾಡ್ಲೋ?"

"ಏನೂ ಮಾಡಬ್ಯಾಡ್ರಿ. ಸುಮ್ಮನ ಕುಂದ್ರರಿ."

ದುರಗಪ್ಪ ದೋಣಿ ಹತ್ತಿದ. ರೂಢಿಯಂತೆ ನೇರವಾಗಿ ಮುಂದಕ್ಕೆ ಹೋಗಿ ನಿಂತ. ಅಲ್ಲಿ ಹುಟ್ಟು ಹಿಡಿದ ಆಳು ನಿಂತಿದ್ದ. ತಿರುಗಿ ಹಿಂದಕ್ಕೆ ಬಂದ. ಅಲ್ಲಿ ಫಕೀರಪ್ಪ. ಹುಟ್ಟಿದಾಗಿನಿಂದ ಹೊಳೆಯ ಮೇಲೆಯೇ ಬದುಕಿದವನಿಗೆ ದೋಣಿಯಲ್ಲಿ ಎಲ್ಲಿ ಕುಳಿತುಕೊಳ್ಳಬೇಕೆಂಬುದು ತಿಳಿಯಲಿಲ್ಲ. ನಾನು ಗಂಟು ಸರಿಸಿ, "ಇಲ್ಲಿ ಬರ್ರಿ ಕಾಕಾ" ಎಂದೆ. ನನ್ನ ಪಕ್ಕ ಮುದುಡಿ ಕುಳಿತ. ಇನ್ನೊಂದು ಪಕ್ಕದಲ್ಲಿ ಅಣ್ಣ.

ದೋಣಿ ದಂಡೆ ಬಿಟ್ಟಿತು. ನೀರಿನ ಸೆಳೆತ ತಗುಲಿ ಹಲಗೆ ಅಲುಗಿದ ಕೂಡಲೇ ನನ್ನ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಕೂಸನ್ನು ಎಷ್ಟು ಬಿಗಿಯಾಗಿ ಅವುಚಿಕೊಂಡೆನೆಂದರೆ ಅದು ಕಿರುಚತೊಡಗಿತು.

"ಕೂಸಿಗೆ ನೋವಾಗತೈತಿ ತಂಗೆವ್ವಾ. ಇಲ್ಲಿ ಕೊಡ್ರಿ" ಎಂದ ದುರಗಪ್ಪ.

"ಬ್ಯಾಡ ಕಾಕಾ" ಎಂದೆ.

"ನನ್ನ ಕೈಯಾಗ ಇವತ್ತ ಗಳಾ ಇಲ್ಲ. ಎರಡೂ ಕೈ ಖಾಲಿ ಅದಾವ. ಕೊಡ್ರಿ."

ಕೊಟ್ಟೆ. ಅವನು ಕೂಸನ್ನು ಎರಡೂ ಅಂಗೈಗಳ ಮೇಲೆ ಉದ್ದಕ್ಕೆ ಮಲಗಿಸಿಕೊಂಡ. ಕೈ ಇನ್ನೂ ನಡುಗುತ್ತಲೇ ಇದ್ದವು. ಕೂಸು ಅದನ್ನು ತೊಟ್ಟಿಲ ತೂಗು ಎಂದುಕೊಂಡಿತೋ ಏನೋ, ಅಳು ನಿಲ್ಲಿಸಿ ಅವನ ಬಿಳಿ ಮೀಸೆಯನ್ನೇ ನೋಡುತ್ತ ನೋಡುತ್ತ ನಿದ್ದೆಹೋಯಿತು. ಅವನು ಹೊಳೆಯ ಕಡೆ ಒಮ್ಮೆಯೂ ನೋಡಲಿಲ್ಲ, ಕೂಸಿನ ಮುಖ ಬಿಟ್ಟು ಕಣ್ಣು ತೆಗೆಯಲಿಲ್ಲ. ನಾನೂ ಅಲ್ಲೇ ನೋಡುತ್ತ ಕುಳಿತೆ. ಯಾವಾಗ ನಡುಹೊಳೆ ಬಂತೋ, ಯಾವಾಗ ದಾಟಿತೋ ತಿಳಿಯಲಿಲ್ಲ. ಕೆಳಗೆ ಮರಳು ಕರಕರ ಎಂದಾಗ ತಲೆ ಎತ್ತಿದರೆ ತವರಿನ ದಂಡೆ. ಹಿಂತಿರುಗಿ ನೋಡಿದೆ. ಆಚೆ ದಂಡೆಯಲ್ಲಿ ಅತ್ತೆ ಇನ್ನೂ ನಿಂತಿದ್ದರು. ನಾವು ಇಳಿದದ್ದು ಕಂಡ ಮೇಲೆ ಸೆರಗು ಸರಿಮಾಡಿಕೊಂಡು ಊರ ಕಡೆ ತಿರುಗಿದರು.

ದುರಗಪ್ಪ ಕೂಸನ್ನು ನನ್ನ ಕೈಗಿತ್ತು ದೋಣಿಯಲ್ಲೇ ಉಳಿದ. ಅಣ್ಣ ಬಿಡಲಿಲ್ಲ. "ಮನೀಗೆ ಬರ್ರಿ ಕಾಕಾ. ಫಕೀರಪ್ಪ ಸಂಜಿಮುಂದ ಬರ್ತಾನ, ಆಗ ಹೋಗೀರಂತ" ಎಂದು ಕೈ ಹಿಡಿದು ಇಳಿಸಿದ.

ತವರೂರಿನ ಓಣಿಯಲ್ಲಿ ದುರಗಪ್ಪ ಎರಡೂ ಕಡೆ ನೋಡುತ್ತ ನಡೆದ. "ಹನುಮಪ್ಪನ ಗುಡಿ ಇಲ್ಲೈತಿ ಅಂತೀರಿ? ನಾ ಆಚಿ ಓಣ್ಯಾಗ ಇರಬೇಕು ಅಂದುಕೊಂಡಿದ್ದೆ" ಎಂದ. ಆಗ ನನಗೆ ಹೊಳೆಯಿತು. ಈ ಊರಿನ ಎಷ್ಟೋ ಹೆಣ್ಣುಮಕ್ಕಳನ್ನು ತವರಿಗೆ ತಂದು ಬಿಟ್ಟವನು ಒಮ್ಮೆಯೂ ದಂಡೆ ಏರಿ ಊರೊಳಗೆ ಬಂದಿರಲಿಲ್ಲ. ಆಚೆ ದಂಡೆಯಲ್ಲಿ ಯಾವಾಗಲೂ ಯಾರೋ ದಾಟಲು ಕಾಯುತ್ತಿರುತ್ತಿದ್ದರು.

ಅವ್ವ ಅವನಿಗೆ ಕಾಲಿಗೆ ನೀರು ಕೊಟ್ಟಳು. ಪಡಸಾಲೆಯಲ್ಲಿ ಮಣೆ ಹಾಕಿ ಕಡಬು, ಅಳ್ಳಿಟ್ಟು, ಎಲ್ಲ ಬಗೆಯ ಉಂಡಿ ಬಡಿಸಿದಳು. ಮುಂಜಾನೆಯಿಂದ ಉಪವಾಸವಿದ್ದವನು ಸಾವಕಾಶವಾಗಿ, ಒಂದೊಂದನ್ನೂ ಹೊಗಳುತ್ತ ಉಂಡ. ಅಂಗಳದ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ಕೂರಲು ಅಣ್ಣ ಒತ್ತಾಯ ಮಾಡಿದ.

"ಬ್ಯಾಡಪಾ. ಜಲ್ಮೆಲ್ಲಾ ತೂಗಾಡೀನಿ. ಇವತ್ತೊಂದಿನ ಅಲುಗದ ಜಾಗಾದಾಗ ಕುಂದರತೀನಿ" ಎಂದು ಕಟ್ಟೆಯ ಮೇಲೆ ಕಾಲು ಚಾಚಿ ಗೋಡೆಗೆ ಒರಗಿದ. ಹೆಣ್ಣುಮಕ್ಕಳು ಜೀಕುವುದನ್ನು ನೋಡುತ್ತ ಸಂಜೆಯವರೆಗೆ ಅಲ್ಲೇ ಕುಳಿತಿದ್ದ.

ಹೊರಡುವಾಗ ಅವ್ವನಿಗೆ ಹೇಳಿದ: "ಇಷ್ಟ ವರ್ಷ ಈ ಹೆಣ್ಣಮಕ್ಕಳೆಲ್ಲಾ ಹೊಳೀ ಮ್ಯಾಲ ಕುಂತು ಯಾಕ ಇಷ್ಟು ಅವಸರ ಮಾಡತಾರ ಅಂತಿದ್ದೆ ಯವ್ವಾ. ಈಗ ತಿಳೀತು."

ದುರಗಪ್ಪ ಮತ್ತೆ ಹರಿಗೋಲು ಹಾಕಲಿಲ್ಲ. ಸುಗ್ಗಿಯ ಜೋಳವನ್ನು ಮಾವನವರು ನಿಲ್ಲಿಸಲಿಲ್ಲ. ಮುಂದೆ ಕೆಲವು ವರ್ಷ, ಅವನು ಇರುವತನಕ, ಪಂಚಮಿಗೆ ಫಕೀರಪ್ಪನ ದೋಣಿಯಲ್ಲಿ ಅವನಿಗೊಂದು ಜಾಗ ಇರುತ್ತಿತ್ತು. ಅಂಜುವ ಹೊಸ ಮದುಮಗಳು ಯಾರಾದರೂ ಬಂದರೆ ಅವಳ ಪಕ್ಕದಲ್ಲಿ ಕೂರುತ್ತಿದ್ದ.

ನನಗೆ ಈಗ ಮೊಮ್ಮಕ್ಕಳಿದ್ದಾರೆ. ಅಂದು ಮಾತು ಕಡಿಮೆಯ ನನ್ನ ಅತ್ತೆ ಬಾವಿಕಟ್ಟೆಯ ಮೇಲೆ ನನ್ನ ಮುಖವನ್ನು ಒಂದು ವರ್ಷ ಸುಮ್ಮನೆ ಓದಿಕೊಂಡಿದ್ದರು ಎಂಬುದು ಇವತ್ತಿಗೂ ನೆನಪಾಗುತ್ತದೆ. ದುರಗಪ್ಪನ ಬಗ್ಗೆ ಹೇಳುವುದಾದರೆ, ಆಮೇಲೆ ಬಹಳ ಮಂದಿ ಧೈರ್ಯವಂತರನ್ನು ನೋಡಿದ್ದೇನೆ. ತನಗೆ ಅಂಜಿಕೆಯಾಗಿದೆ ಎಂದು ಒಬ್ಬ ಸಣ್ಣ ಹುಡುಗಿಯ ಎದುರು ಬಾಯಿಬಿಟ್ಟು ಹೇಳಿದ ಗಂಡಸನ್ನು ಮಾತ್ರ ಅವನೊಬ್ಬನನ್ನೇ ಕಂಡದ್ದು.