ಬೈರಮ್ಮ ಬೆನ್ನುಹತ್ತಿದ ಮಾತು

ಚಿನಕುರಳಿಯ ಬೈರಮ್ಮ ಅಂಗನವಾಡಿಯ ಆಯಾ. ಮಾತಿನಲ್ಲಿ ಅವಳನ್ನು ಗೆದ್ದವರು ಆ ಸೀಮೆಯಲ್ಲೇ ಇರಲಿಲ್ಲ. ತೊಂಬತ್ತೈದರ ಡಿಸೆಂಬರಿನಲ್ಲಿ ಊರಿನ ಮಕ್ಕಳಿಗೆಲ್ಲ ಪೋಲಿಯೋ ಹನಿ ಹಾಕುವುದಿತ್ತು. ತನ್ನ ತಮ್ಮ ಬದುಕಿಡೀ ತೆವಳಿದ್ದು ಇದೇ ರೋಗದಿಂದ ಎಂದು ನರ್ಸಮ್ಮನಿಂದ ತಿಳಿದ ಮೇಲೆ ಬೈರಮ್ಮ ಮನೆಮನೆ ಸುತ್ತಿ ಹೇಳತೊಡಗಿದ್ದಳು. ಅಷ್ಟರಲ್ಲಿ ಅವಳ ಮನೆಯಲ್ಲೇ ಸೊಸೆ ಸುನಿತಾ ತಿರುಗಿಬಿದ್ದಳು.

"ಅತ್ತೆ, ನನ್ ಮಗೀಗೆ ಆ ಅನಿ ಬ್ಯಾಡ. ಕುಡುದ್ರೆ ಮುಂದಕ್ಕೆ ಮಕ್ಳೇ ಆಗಾಕಿಲ್ವಂತೆ. ಗೌರ್ಮೆಂಟೋರು ಬೇಕೂಂತ್ಲೇ ಮಾಡ್ತಾವ್ರಂತೆ."

ಬೈರಮ್ಮ ಜಗಳವಾಡಲಿಲ್ಲ. "ನಿಂಗ್ಯಾರವ್ವಾ ಯೋಳುದ್ದು?" ಎಂದಷ್ಟೇ ಕೇಳಿದಳು.

"ನಮ್ಮವ್ವ."

ಮಾರನೆಯ ದಿನ ಬೈರಮ್ಮ ಬಸ್ಸು ಹತ್ತಿ ಕಿಕ್ಕೇರಿಗೆ ಹೋದಳು. ಬೀಗಿತ್ತಿ ಸಿದ್ದಲಿಂಗಮ್ಮ ಕೇಳಿದ್ದು "ಮಕ್ಕಳು ಕೆಟ್ಟುಹೋಗ್ತವೆ" ಎಂದಷ್ಟೇ, ಬಳೆ ಮಾರುವ ಶೆಟ್ಟಿಯಿಂದ. ಉಳಿದದ್ದನ್ನು ಸಿದ್ದಲಿಂಗಮ್ಮನೇ ಊಹಿಸಿಕೊಂಡಿದ್ದಳು. ಶೆಟ್ಟಿಯನ್ನು ಪಾಂಡವಪುರದ ಸಂತೆಯಲ್ಲಿ ಹಿಡಿದಾಗ ಅವನು, "ಅನಿ ಕುಡುದ್ರೆ ಐಕ್ಳು ಪೋಲಿ ಬೀಳ್ತವಂತೆ, ನಿಮ್ಮೂರ್ ಡೈರಿ ದ್ಯಾವಯ್ಯ ಅಂದ" ಎಂದ. ಹಿಂದಕ್ಕೆ ಹೋದಷ್ಟೂ ಮಾತು ಚಿಕ್ಕದಾಗುತ್ತಿತ್ತು.

ದ್ಯಾವಯ್ಯ ಹಾಲು ಅಳೆಯುವುದನ್ನು ನಿಲ್ಲಿಸಿ ನಕ್ಕ. "ನೀನೇ ಕಣಕ್ಕಾ ಅಂದಿದ್ದು! ಹೋದ್ ತಿಂಗ್ಳು ಇಲ್ಲೇ ನಿಂತ್ಕಂಡು, 'ಅದೇನೋ ಪೋಲಿ ಅನಿಯಂತೆ, ನಮ್ಮೂರೈಕ್ಳು ಅದ್ನ ಕುಡೀದೇನೇ ಪೋಲಿಬಿದ್ದವ್ರೆ' ಅಂದಿಲ್ವಾ?"

ಬೈರಮ್ಮ ಹಾಲು ಹಾಕಲು ಸಾಲುಗಟ್ಟಿ ನಿಂತವರ ಕಡೆ ನೋಡಿದಳು.

"ಬುಡಕ್ಕಾ, ನಾನ್ ಯಾರ್ಗೂ ಯೋಳಾಕಿಲ್ಲ" ಎಂದ ದ್ಯಾವಯ್ಯ.

ನಾವು ನೀವಾಗಿದ್ದರೆ ಹಾಗೇ ಬಿಟ್ಟುಬಿಡುತ್ತಿದ್ದೆವು, ಸುಳ್ಳೇಕೆ? ಅವಳು ಬಿಡಲಿಲ್ಲ. ಹಾಲಿನ ಸಾಲಿನ ಕಡೆಗೆ ತಿರುಗಿ, "ಕೇಳ್ರಪ್ಪಾ, ಆ ಮಾತು ನಂದು. ನಗ್ಸಾಕೆ ಅಂದೆ, ತಪ್ಪಾಯ್ತು. ಅನೀಲಿ ಕೆಟ್ಟದ್ದೇನೂ ಇಲ್ಲ" ಎಂದಳು. ಕೆಲವರು ಮುಸಿಮುಸಿ ನಕ್ಕರು. ಇದನ್ನೇ ಹೇಳಲು ಮತ್ತೆ ಪಾಂಡವಪುರಕ್ಕೆ ಹೋದಳು, ಅಲ್ಲಿಂದ ಕಿಕ್ಕೇರಿಗೂ ಹೋದಳು. ಹೋದಲ್ಲೆಲ್ಲ ಉಗಿಸಿಕೊಂಡಳು. ಅಂಥ ಗಟ್ಟಿ ಹೆಂಗಸು!

ಹನಿಯ ದಿನ ಬೆಳಿಗ್ಗೆ ಅಂಗನವಾಡಿಯ ಬಾಗಿಲಲ್ಲಿ ಸುನಿತಾ ಮಗುವನ್ನು ಎತ್ತಿಕೊಂಡು ನಿಂತಿದ್ದಳು.

"ಭಯ ಓಯ್ತೇನವ್ವಾ?" ಎಂದಳು ಬೈರಮ್ಮ.

"ಇಲ್ಲತ್ತೆ, ಇನ್ನೂ ಅದೆ. ಆದ್ರೆ ಸುಳ್ ಯೋಳೋರು, ತಪ್ಪು ನಂದೇ ಅಂತ ಊರೂರ್ ಅಲಿಯಾಕಿಲ್ಲ" ಎಂದು ಸುನಿತಾ ಮಗುವನ್ನು ಅತ್ತೆಯ ಕೈಗೆ ಕೊಟ್ಟಳು.